ಪವಿತ್ರ ಜಲದ ಕುಪ್ಪಿಗೆ ವೈನ್ ಬರುವ ತನಕ

ನಾನು ಒಂದು ಗಾಜಿನ ಕುಪ್ಪಿ. ಕುಪ್ಪಿ ಎಂದ ಕೂಡಲೇ ಸೀಮೆಎಣ್ಣೆಯ ಕುಪ್ಪಿಯನ್ನು ನೆನೆಸಿಕೊಳ್ಳಬೇಡಿ, ನನಗೆ ಬೇಸರವಾಗುತ್ತದೆ. ನನ್ನ ಹೊಟ್ಟೆ ಅಗಲ, ಕುತ್ತಿಗೆ ಸಪೂರ, ಅಡಿಯಲ್ಲಿ ನಕ್ಷತ್ರದ ಕೆತ್ತನೆ. ಹಳೆಯ ವೈನನ್ನು ನಿಧಾನವಾಗಿ ಬಗ್ಗಿಸಿ, ಗಸಿಯನ್ನು ಹಿಂದೆ ಬಿಟ್ಟು, ತಿಳಿಯನ್ನು ಮಾತ್ರ ನನ್ನೊಳಗೆ ಇಳಿಸಿ, ಗಾಳಿಯಾಡಲು ಬಿಡಬೇಕು. ನನ್ನನ್ನು ಮಾಡಿದ್ದು ಅದಕ್ಕಾಗಿಯೇ. ತಿಳಿದವರು ನನ್ನನ್ನು ಡಿಕ್ಯಾಂಟರ್ ಎನ್ನುತ್ತಾರೆ. ಆದರೆ ಆ ಕೆಲಸ ನನಗೆ ಸಿಕ್ಕಿದ್ದು ಹುಟ್ಟಿ ಐವತ್ತು ವರ್ಷ ದಾಟಿದ ಮೇಲೆ. ಅಲ್ಲಿಯ ತನಕ ನಾನು ಏನೇನಾಗಿದ್ದೆ ಎಂಬುದೇ ನನ್ನ ಕಥೆ.

ಹುಟ್ಟಿದ್ದು ಉತ್ತರದ ಕಡೆಯ ಒಂದು ಗಾಜಿನ ಕಾರ್ಖಾನೆಯಲ್ಲಿ. ನಿಸಾರ್ ಮಿಯಾ ಎಂಬ ಕೆಂಪು ಕಣ್ಣಿನ ಮನುಷ್ಯ ಉದ್ದದ ಕೊಳವೆಯ ತುದಿಯಲ್ಲಿ ಕುದಿಯುವ ಗಾಜನ್ನು ತೆಗೆದುಕೊಂಡು ಊದಿದರು. ನನ್ನ ಹೊಟ್ಟೆಯ ಗಾತ್ರ ಅಂದರೆ ಅವರ ಒಂದು ಉಸಿರು. ಊದಿ ಆದ ಮೇಲೆ ಹೊರಗೆ ತೆಗೆಯಲಿಲ್ಲ. ಇನ್ನೊಂದು ಗೂಡಿನಲ್ಲಿಟ್ಟು ಎರಡು ದಿನ ಸ್ವಲ್ಪ ಸ್ವಲ್ಪವಾಗಿ ಆರಿಸಿದರು. ನನ್ನ ಜೊತೆಯಲ್ಲಿ ಹುಟ್ಟಿದ ಒಂದು ಹೂದಾನಿಯನ್ನು ಯಾರೋ ಅವಸರದಲ್ಲಿ ಬೇಗ ಹೊರಗೆ ತೆಗೆದಿದ್ದರು. ಅದು ನೋಡಲು ನನಗಿಂತ ಚಂದವಿತ್ತು. ಮಾರನೆಯ ದಿನ ಯಾರೂ ಮುಟ್ಟದೆಯೇ ಎರಡು ಹೋಳಾಯಿತು. ಗಾಜಿನ ಮೊದಲ ಪಾಠ ನನಗೆ ಅಲ್ಲೇ ಆಯಿತು.

ನನ್ನನ್ನು ಕೊಂಡವರು ಮಂಗಳೂರಿನಲ್ಲಿ ನದಿಯ ದಡದ ಒಂದು ಹಂಚಿನ ಕಾರ್ಖಾನೆಯ ಮ್ಯಾನೇಜರು. ಬಂಗಲೆಗೆ ಹೋಗುತ್ತಿದ್ದೇನೆ ಎಂದು ತಿಳಿದಾಗ ನಾನು ಸ್ವಲ್ಪ ಜಂಭಪಟ್ಟಿದ್ದು ನಿಜ. ಅಲ್ಲಿ ನನ್ನೊಳಗೆ ತುಂಬಿಸಿದ್ದು ಕಿತ್ತಳೆ ಹಣ್ಣಿನ ಶರಬತ್ತು. ಸಾಹೇಬರಿಗೆ ಬ್ರಾಂದಿಯನ್ನು ಬಾಟಲಿಯಿಂದ ನೇರವಾಗಿ ಗ್ಲಾಸಿಗೆ ಸುರಿದರೇ ಸಮಾಧಾನ. ಒಂದು ಸಂಜೆ ನನ್ನ ಗಾಜಿನ ಬಿರಡೆಯನ್ನು ಅವರೇ ಕೆಳಗೆ ಬೀಳಿಸಿ ಒಡೆದರು. ಬಂಗಲೆಯಲ್ಲಿ ನನ್ನ ಯೋಗ್ಯತೆ ಗೊತ್ತಿದ್ದವರು ಒಬ್ಬರೇ, ಬಟ್ಲರ್ ಮಾರ್ಸೆಲ್. ಅವರು ಹಿಂದೆ ಬೇರೆ ದೊರೆಗಳ ಮನೆಯಲ್ಲಿ ವೈನ್ ಬಗ್ಗಿಸುವುದನ್ನು ಕಲಿತವರು. ಪ್ರತಿ ಶನಿವಾರ ನನ್ನನ್ನು ಮೃದುವಾದ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಟ್ಟು, ಮತ್ತೆ ಶರಬತ್ತು ತುಂಬಿಸುತ್ತಿದ್ದರು.

ಕೆಲವು ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಸಾಹೇಬರು ಊರು ಬಿಡುವಾಗ ಏನು ಬೇಕೆಂದು ಮಾರ್ಸೆಲ್ ಅವರನ್ನು ಕೇಳಿದರು. ಬೇರೆಯವರಾದರೆ ಗಡಿಯಾರವನ್ನೋ ಕುರ್ಚಿಯನ್ನೋ ಕೇಳುತ್ತಿದ್ದರು. ಇವರು ನನ್ನನ್ನು ಕೇಳಿದರು. ಅಂಗಿಯೊಂದರಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಿನ್ನಿಗೋಳಿಯ ಹತ್ತಿರದ ತಮ್ಮ ಮನೆಗೆ ತಂದರು. ಕ್ರಿಸ್ಮಸ್ ಬರಲಿ, ಮನೆಯ ವೈನನ್ನು ನನ್ನಲ್ಲಿ ಬಗ್ಗಿಸಿ ನೆಂಟರಿಗೆ ತೋರಿಸುತ್ತೇನೆ ಎಂದು ದಾರಿಯುದ್ದಕ್ಕೂ ಅವರಿಗೆ ಆಸೆ, ನನಗೂ ಆಸೆ.

ಆಗಿದ್ದು ಬೇರೆ. ಮಾರ್ಸೆಲ್ ನನ್ನನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಅವರ ತಾಯಿ ಪಾವ್ಲಿನ್ ಬಾಯಿ ನನ್ನನ್ನು ನೋಡಿದರು. ಈಸ್ಟರ್ ಹತ್ತಿರ ಬಂದಿತ್ತು. ನೀರಿನಷ್ಟು ತಿಳಿಯಾದ ಗಾಜು, ಅಡಿಯಲ್ಲಿ ನಕ್ಷತ್ರ. ಮಗ ಇಷ್ಟು ವರ್ಷಕ್ಕೆ ಭಕ್ತಿ ಬಂದು ಪವಿತ್ರ ಜಲಕ್ಕೆ ಒಳ್ಳೆಯ ಕುಪ್ಪಿ ತಂದಿದ್ದಾನೆ ಎಂದೇ ತಿಳಿದರು. ಆ ಮನೆಗಳಲ್ಲಿ ಇಗರ್ಜಿಯಿಂದ ಆಶೀರ್ವದಿಸಿದ ನೀರನ್ನು ತಂದು ದೇವರ ಪೀಠದ ಮೇಲೆ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಪಾವ್ಲಿನ್ ಬಾಯಿ ನನಗೆ ನೀರು ತುಂಬಿಸಿ, ಬೆಂಡಿನ ಬಿರಡೆ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ನೇರ ಪಕ್ಕದ ಇಗರ್ಜಿಯ ಪಾದ್ರಿಗಳಲ್ಲಿಗೆ ನಡೆದರು. ಪಾದ್ರಿಗಳು ನೀರಿಗೂ ನನಗೂ ಸೇರಿಸಿಯೇ ಆಶೀರ್ವಾದ ಮಾಡಿಬಿಟ್ಟರು.

ಮಾರ್ಸೆಲ್ ತಲೆ ಒರೆಸಿಕೊಳ್ಳುತ್ತಾ ಬಂದಾಗ ನಾನು ಮೊಂಬತ್ತಿಗಳ ನಡುವೆ ಕೂತಿದ್ದೆ. ಈ ಮನೆಯ ಮಾತು ಕೊಂಕಣಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಮಾಂಯ್, ಅದು ವೈನ್ ಹಾಕುವ ಕುಪ್ಪಿ," ಎಂದರು ಮಾರ್ಸೆಲ್ ತಾಯಿಗೆ.

"ಇದ್ದೀತು. ಈಗ ಅಲ್ಲ. ಆಶೀರ್ವಾದ ಆದದ್ದನ್ನು ಊಟದ ಮೇಜಿಗೆ ತರ್ಲಿಕ್ಕೆ ಉಂಟಾ?"

ಮಾರ್ಸೆಲ್ ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ತಾಯಿಯ ಎದುರು ಅವರಿಗೆ ಮಾತು ಬರುತ್ತಿರಲಿಲ್ಲ, ದೇವರು ಬೇರೆ ತಾಯಿಯ ಪಕ್ಷದಲ್ಲಿದ್ದರು.

ಹೀಗೆ ನಾನು ಪವಿತ್ರವಾದೆ. ಬೇಕೆಂದು ಆದದ್ದಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪೀಠದ ಮೇಲಿದ್ದೆ. ಪ್ರತಿ ಈಸ್ಟರಿಗೆ ಹೊಸ ನೀರು. ಜ್ವರ ಬಂದವರ ಹಣೆಗೆ ನನ್ನ ನೀರು, ಹೊಸ ಕರುವಿನ ಬೆನ್ನಿಗೆ ನನ್ನ ನೀರು. ಸಂಜೆ ಎಲ್ಲರೂ ಜಪಸರ ಹಿಡಿದು ನನ್ನೆದುರು ಮಂಡಿಯೂರುತ್ತಿದ್ದರು. ಮಂಡಿಯೂರಿದಾಗ ಮನುಷ್ಯರ ಮುಖ ಚೆನ್ನಾಗಿ ಕಾಣುತ್ತದೆ. ಯಾರು ಪ್ರಾರ್ಥಿಸುತ್ತಿದ್ದಾರೆ, ಯಾರು ಮೀನು ಸಾರಿನ ಬಗ್ಗೆ ಯೋಚಿಸುತ್ತಿದ್ದಾರೆ ಎಂಬುದು ನನಗೆ ಮುಖ ನೋಡಿಯೇ ತಿಳಿಯುತ್ತಿತ್ತು.

ಮಾರ್ಸೆಲ್ ಮಾತ್ರ ನನ್ನನ್ನು ಮರೆಯಲಿಲ್ಲ. ಅವರ ಮಗಳು ಸೆವ್ರಿನ್, ಚಿಕ್ಕಂದಿನಿಂದಲೂ ಎಲ್ಲವನ್ನೂ ಮೂಸಿ ನೋಡುವ ಹುಡುಗಿ. ಅವಳನ್ನು ನನ್ನೆದುರು ನಿಲ್ಲಿಸಿ ಅವರು ಹೇಳುತ್ತಿದ್ದರು, "ಹಳೇ ವೈನ್ ಬಗ್ಗಿಸಿದ ಕೂಡ್ಲೆ ಕುಡಿಯುವುದಲ್ಲ, ಮಗಳೇ. ಅದು ಆಗಷ್ಟೇ ನಿದ್ದೆಯಿಂದ ಎದ್ದದ್ದು. ಎದ್ದವರನ್ನು ಕೂಡ್ಲೆ ಮಾತಾಡಿಸಿದ್ರೆ ಸಿಡುಕುತ್ತಾರೆ. ಒಂದು ಗಂಟೆ ಅದರ ಪಾಡಿಗೆ ಬಿಡ್ಬೇಕು." ಹೀಗೆ ಹೇಳುತ್ತಲೇ, ತಾಯಿ ಹೋದ ಮೇಲೆಯೂ ಆಕೆಯ ಮಾತು ಮೀರದೆ, ಒಂದು ದಿನ ಅವರೂ ತೀರಿಕೊಂಡರು. ನನ್ನಲ್ಲಿ ಒಂದು ಹನಿ ವೈನ್ ಬಗ್ಗಿಸುವುದು ಅವರಿಂದ ಆಗಲೇ ಇಲ್ಲ. ಈಗಲೂ ನೆನೆದರೆ ನನಗೆ ದುಃಖವಾಗುತ್ತದೆ.

ಸೆವ್ರಿನ್ ದೊಡ್ಡವಳಾಗಿ ಸೆವ್ರಿನ್ ಬಾಯಿ ಆದಳು. ಆ ಕಡೆಯ ಕ್ರೈಸ್ತರ ಮದುವೆಯಲ್ಲಿ ವಧೂವರರಿಗೆ ಶುಭ ಕೋರಿ ಎಲ್ಲರೂ ಗ್ಲಾಸ್ ಎತ್ತುವ ಕ್ರಮ ಉಂಟು. ಸುತ್ತಮುತ್ತ ಎಲ್ಲೇ ಮದುವೆಯಾದರೂ ಆ ಗ್ಲಾಸಿಗೆ ಸೆವ್ರಿನ್ ಬಾಯಿಯ ವೈನೇ ಆಗಬೇಕು. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಮುಷ್ಟಿ ಗೋಧಿ, ದೊಡ್ಡ ಭರಣಿ. ಇದು ಎಲ್ಲರಿಗೂ ಗೊತ್ತಿದ್ದ ಲೆಕ್ಕವೇ. ಎಲ್ಲರಲ್ಲಿ ಇಲ್ಲದ್ದು ಅವಳ ಮೂಗು. ಭರಣಿಯ ಬಟ್ಟೆಯನ್ನು ಒಂದಿಷ್ಟು ಸರಿಸಿ ಮೂಸಿ, "ಇದಕ್ಕೆ ಇನ್ನೂ ಹದಿನೈದು ದಿನ ಬೇಕು," ಎಂದರೆ ಹದಿನೈದೇ ದಿನ. ನಾಲಗೆಗೆ ಹಾಕುವುದು ಆಮೇಲೆ.

ಅವಳ ಗಂಡ ಬೊನಿಫಾಸ್, ಈ ಮನೆಗೇ ಬಂದು ನೆಲೆಸಿದ ಅಳಿಯ, ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವನು. ನಮ್ಮ ಕರಾವಳಿಯ ಬಸ್ಸುಗಳ ಅವಸರ ನಿಮಗೆ ಗೊತ್ತಿದ್ದದ್ದೇ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸು ಜನರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ನಿವೃತ್ತನಾದರೂ ಅವನ ಕಾಲು ಆಕ್ಸಿಲರೇಟರ್ ಮೇಲೆಯೇ ಇತ್ತು. ಜಪಸರದ ಪ್ರಾರ್ಥನೆಯನ್ನು ಅವನಷ್ಟು ವೇಗವಾಗಿ ಮುಗಿಸುವವರನ್ನು ನಾನು ಕಂಡಿಲ್ಲ. ಹದವಾಗುವ ಮೊದಲೇ ವೈನ್ ರುಚಿ ನೋಡಿ, "ಆಯ್ತಲ್ಲ, ಇನ್ನೆಂತ ಕಾಯುವುದು?" ಎಂದು ಕೇಳಿ ಬೈಸಿಕೊಳ್ಳುವುದು ಅವನ ವಾರ್ಷಿಕ ಹಬ್ಬ.

ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಕಾಲ. ಸೆವ್ರಿನ್ ಬಾಯಿಯ ತಮ್ಮನ ಮಗಳು ಜೆಸಿಂತಾಳಿಗೆ ಮೇ ತಿಂಗಳಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಸೆವ್ರಿನ್ ಬಾಯಿ ಮಾರ್ಚಿನಲ್ಲಿ ಎರಡು ಭರಣಿ ವೈನ್ ಹಾಕಿದಳು. ಆರನೆಯ ದಿನ ಅವಳಿಗೆ ಜ್ವರ ಬಂತು. ಎರಡು ವಾರ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಾಗಿಲ ಹೊರಗಿನಿಂದ ಗಂಜಿ ಇಡುವುದು, ಅಡುಗೆಮನೆಯಲ್ಲಿ ದಿನಾ ಭರಣಿ ಕಲಕುವುದು, ಎರಡೂ ಬೊನಿಫಾಸನ ಪಾಲಿಗೆ ಬಂದವು.

ಜ್ವರ ಬಿಟ್ಟು ಹೊರಗೆ ಬಂದ ದಿನ ಅವಳು ಮೊದಲು ನನ್ನೆದುರೇ ಬಂದು ಮೊಂಬತ್ತಿ ಹಚ್ಚಿದಳು. ಪ್ರಾರ್ಥನೆ ಮುಗಿಸಿ ಊದಿ ಆರಿಸಿದಳು. ಬತ್ತಿಯ ಹೊಗೆ ಅವಳ ಮುಖದ ಮೇಲೆಯೇ ಹೋಯಿತು. ಅವಳು ಹಾಗೇ ನಿಂತಳು. ಮತ್ತೆ ಹಚ್ಚಿದಳು, ಆರಿಸಿದಳು, ಹೊಗೆಗೆ ಮೂಗು ಒಡ್ಡಿದಳು. ಮೂರನೆಯ ಸಲ ಆರಿಸಿದ ಬತ್ತಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅವಳಿಗೆ ವಾಸನೆ ಹೋಗಿತ್ತು. ಅದು ಮೊದಲು ತಿಳಿದದ್ದು ಅವಳಿಗೆ ಮತ್ತು ನನಗೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಒಲೆಯ ಪಕ್ಕದಲ್ಲೇ ಕೂತಿದ್ದಾಗ ಅನ್ನ ಸೀದು ಕರಿಯಾಯಿತು. ಅಂಗಳದಿಂದ ಓಡಿಬಂದ ಬೊನಿಫಾಸ್, "ಇಷ್ಟು ವಾಸನೆ ಬರ್ತಾ ಉಂಟು, ನಿನಗೆ ಗೊತ್ತಾಗ್ಲಿಲ್ವಾ?" ಎಂದವನು ಅವಳ ಮುಖ ನೋಡಿ ಪಾತ್ರೆಯನ್ನು ತಾನೇ ಇಳಿಸಿದ. ಸೆವ್ರಿನ್ ಬಾಯಿಗೆ ಅಳು ಬಂತು. ವೈನಿನ ಪರಿಮಳ ಹೋಗಲಿ, ತಾನು ಬೇಯಿಸಿದ ಸಾರಿನ ಪರಿಮಳವೂ ಇಲ್ಲದೆ ಹೇಗೆ ಬದುಕುವುದು ಎಂದು ಅತ್ತಳು.

ವೈನ್ ಹಾಕಿ ನಲವತ್ತೊಂದು ದಿನವಾದ ಮೇಲೆ, ಸೆವ್ರಿನ್ ಬಾಯಿಗೆ ಇನ್ನೂ ನಿಶ್ಶಕ್ತಿಯಿದ್ದುದರಿಂದ, ಬೊನಿಫಾಸನೇ ಅದನ್ನು ಸೋಸಿ ಚರಟ ಚೆಲ್ಲಿದ. ಬೊನಿಫಾಸ್ ಒಂದು ಚಮಚ ಬಾಯಿಗೆ ಹಾಕಿ ಮುಖ ಹಿಂಡಿದ. "ಒಗರು ಮಾರಾಯ್ತಿ. ಮೂಗಿಗೆ ಹೊಡೀತದೆ. ಹುಳಿ ತಿರುಗಿದೆ ಕಾಣ್ತದೆ. ಚೆಲ್ಲುವ, ಅಲ್ವಾ?"

ಹುಳಿ ತಿರುಗಿದ್ದೋ, ಬರೇ ಎಳಸೋ ಎಂದು ಹೇಳಬಲ್ಲ ಮೂಗು ಆ ಮನೆಯಲ್ಲಿ ಇರಲಿಲ್ಲ. ಸೆವ್ರಿನ್ ಬಾಯಿ ಭರಣಿಗೆ ಮತ್ತೆ ಮುಚ್ಚಳ ಹಾಕಿದಳು. "ನನಗೆ ಗೊತ್ತಾಗುವ ತನಕ ಚೆಲ್ಲಬೇಡಿ," ಎಂದಳು.

ಅಷ್ಟರಲ್ಲಿ ಊರು ಮತ್ತೆ ಬಾಗಿಲು ಹಾಕಿಕೊಂಡಿತು. ಜೆಸಿಂತಾಳ ಮದುವೆ ಜನವರಿಗೆ ಹೋಯಿತು. ಸೆವ್ರಿನ್ ಬಾಯಿ ಭರಣಿಗಳ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳದ ಸುತ್ತ ಹಿಟ್ಟಿನ ಮುದ್ದೆ ಮೆತ್ತಿ, ತಂಪಾಗಿದ್ದ ದೇವರ ಕೋಣೆಯ ಮೂಲೆಯಲ್ಲಿ, ನನ್ನ ಕೆಳಗೆಯೇ ಇಟ್ಟಳು. ಮೇಲೆ ನಾನು, ಕೆಳಗೆ ಅವು. ಕಾಯುವವರು ಈಗ ಹೆಚ್ಚಾದೆವು.

ಪಕ್ಕದ ಮನೆಯ ನರ್ಸ್ ಒಬ್ಬರು ಅವಳಿಗೆ ಒಂದು ಅಭ್ಯಾಸ ಹೇಳಿಕೊಟ್ಟರು. ದಿನಕ್ಕೆರಡು ಸಲ ನಾಲ್ಕು ವಸ್ತುಗಳನ್ನು ಮೂಸಬೇಕು, ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಆಗಬಹುದು, ಬಾರದೆಯೂ ಇರಬಹುದು. ಸೆವ್ರಿನ್ ಬಾಯಿ ಕಾಫಿಪುಡಿ, ನಿಂಬೆಸಿಪ್ಪೆ, ಏಲಕ್ಕಿ, ಬೆಳ್ಳುಳ್ಳಿ ಎಂದು ನಾಲ್ಕು ಡಬ್ಬಿ ಮಾಡಿಕೊಂಡು ನನ್ನೆದುರು ಕೂರುತ್ತಿದ್ದಳು. ಕಣ್ಣು ಮುಚ್ಚಿ ಒಂದೊಂದನ್ನೇ ಮೂಸುವಳು. ಅಷ್ಟು ಏಕಾಗ್ರತೆಯಿಂದ ಜಪಸರ ಎಣಿಸಿದ್ದನ್ನು ಆ ಕೋಣೆಯಲ್ಲಿ ನಾನು ಕಂಡಿರಲಿಲ್ಲ. ಏಪ್ರಿಲ್, ಮೇ, ಜೂನ್. ಏನೂ ಇಲ್ಲ.

ಬೊನಿಫಾಸನಿಗೆ ತಡೆಯಲಾಗಲಿಲ್ಲ. ಜುಲೈಯಲ್ಲಿ ಒಂದು ಮಧ್ಯಾಹ್ನ ಹೆಂಡತಿ ಇಗರ್ಜಿಗೆ ಹೋದಾಗ ಬಂದು, ಹಿಟ್ಟಿನ ಮುದ್ದೆ ಕೆತ್ತಿ, ಒಂದು ಭರಣಿ ತೆರೆದು ರುಚಿ ನೋಡಿ, ಮತ್ತೆ ಹೊಸ ಹಿಟ್ಟು ಮೆತ್ತಿ, ನನ್ನತ್ತ ನೋಡಿ ಶಿಲುಬೆಯ ಗುರುತು ಮಾಡಿಕೊಂಡು ಹೋದ. ಸೆವ್ರಿನ್ ಬಾಯಿಗೆ ಮೂಗು ಹೋಗಿತ್ತು, ಕಣ್ಣು ಹೋಗಿರಲಿಲ್ಲ. ಹಳೆ ಹಿಟ್ಟು ಒಣಗಿ ಬಿರಿದಿತ್ತು, ಇದು ಹಸಿಯಾಗಿತ್ತು.

"ನೀವು ತೆರೆದಷ್ಟು ಸಲ ಗಾಳಿ ಹೋಗ್ತದೆ," ಎಂದಳು. "ನನ್ನ ಒಂದು ಮಾತು ನಡೆಸಿಕೊಡಿ. ಇದು ಹಾಳಾದ್ರೆ ನಾನೂ ಹಾಳಾದೆ ಅಂತ ನನಗೆ ಕಾಣ್ತದೆ."

ಅವನು ಆಮೇಲೆ ಆ ಭರಣಿಯ ಹತ್ತಿರವೂ ಸುಳಿಯಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನಿಂಬೆಸಿಪ್ಪೆ ಮೂಸಿದವಳು ಡಬ್ಬಿಯನ್ನೇ ಎಸೆದಳು. ಸುಟ್ಟ ಟಯರಿನ ವಾಸನೆ ಬಂದಿತ್ತು. ವಾಸನೆ ಬಂತೆಂದು ಸಂತೋಷಪಡುವುದೋ, ನಿಂಬೆ ಹೋಗಿ ಟಯರು ಬಂತೆಂದು ಅಳುವುದೋ ತಿಳಿಯದೆ ಕೂತಳು. ಒಂದು ವಾರದಲ್ಲಿ ಅದೂ ಹೋಯಿತು. ಮತ್ತೆ ಖಾಲಿ. ಆ ದಿನ ಅವಳು ಡಬ್ಬಿಗಳನ್ನೆಲ್ಲ ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಹಾಕಿದಳು. ಬೊನಿಫಾಸ್ ಏಣಿ ಹತ್ತಿ ಕೆಳಗಿಳಿಸಿ ತಂದು ಅವಳೆದುರು ಸಾಲಾಗಿ ಇಟ್ಟ.

"ಬರ್ತದೆ ಸೆವ್ರಿನ್. ಬಸ್ಸು ಟೈಮಿಂಗ್ ತಪ್ಪಿದೆ ಅಷ್ಟೆ. ಟ್ರಿಪ್ ಕಟ್ ಆದದ್ದಲ್ಲ."

ಜೀವಮಾನದಲ್ಲಿ ಎರಡು ನಿಮಿಷ ಕಾಯದ ಮನುಷ್ಯ ಹಾಗೆ ಹೇಳಿದ್ದನ್ನು ಕೇಳಿ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ಮದುವೆಗೆ ನಾಲ್ಕು ದಿನ ಉಳಿಯಿತು. ಸೆವ್ರಿನ್ ಬಾಯಿಯ ತಮ್ಮ ಫೋನ್ ಮಾಡಿ, ಸಂಜೆಯೊಳಗೆ ಹೇಳು ಅಕ್ಕ, ಆಗದಿದ್ದರೆ ಅಂಗಡಿಯ ವೈನ್ ತರಿಸುತ್ತೇನೆ ಎಂದ. ಭರಣಿ ತೆರೆದರು. ಬೊನಿಫಾಸ್ ರುಚಿ ನೋಡಿ, "ಮೊದಲಿಗಿಂತ ಅಡ್ಡಿಲ್ಲ. ಆದ್ರೆ ಗಂಟಲು ಹಿಡೀತದೆ," ಎಂದು ಸಂಕೋಚದಿಂದಲೇ ಹೇಳಿದ. ಸೆವ್ರಿನ್ ಬಾಯಿ ತಲೆಯೆತ್ತಿ ನನ್ನನ್ನು ನೋಡಿದಳು. ಮಾರ್ಸೆಲ್ ಹೋದ ಮೇಲೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ತಂದೆ ಹೇಳಿದ ಆ ಒಂದು ಗಂಟೆ ಅವಳಿಗೆ ನೆನಪಾಗಿತ್ತು.

ಆದರೆ ನಾನು ಪವಿತ್ರ ವಸ್ತು. ಅಜ್ಜಿಯ ಮಾತನ್ನು ಮೀರುವ ಧೈರ್ಯ ಅವಳಿಗಿರಲಿಲ್ಲ. ಅದೃಷ್ಟಕ್ಕೆ ಅದೇ ಬೆಳಿಗ್ಗೆ ಫಾದರ್ ಅಪೊಲಿನಾರ್ ವಾರ್ಡಿನ ಮನೆಗಳ ಭೇಟಿಗೆ ಬಂದರು. ಅವಳು ಅಂಜುತ್ತಲೇ ಕೇಳಿದಳು. ಫಾದರ್ ಚಹಾದ ಲೋಟ ಕೆಳಗಿಟ್ಟರು.

"ಕಾನಾ ಊರಿನ ಮದುವೆಯಲ್ಲಿ ವೈನ್ ಮುಗಿದು ಹೋಯ್ತಲ್ಲ, ಸೆವ್ರಿನ್ ಬಾಯಿ. ಸ್ವಾಮಿ ಯೇಸು ನೀರನ್ನು ವೈನ್ ಮಾಡಿದ್ದು ಯಾವ ಪಾತ್ರೆಯಲ್ಲಿ? ವೈನಿನ ಪಾತ್ರೆಯಲ್ಲಾ?"

"ಅಲ್ಲ ಫಾದರ್. ಜನ ಕೈಕಾಲು ತೊಳೆದು ಶುದ್ಧ ಆಗ್ಲಿಕ್ಕೆ ಇಟ್ಟ ಕಲ್ಲಿನ ಬಾನಿ."

"ಮತ್ತೆ ನನ್ನ ಹತ್ರ ಎಂತ ಕೇಳ್ತೀರಿ? ಆ ನೀರನ್ನು ಮಾತ್ರ ತುಳಿಯುವ ಜಾಗಕ್ಕೆ ಚೆಲ್ಲಬೇಡಿ."

ನನ್ನ ಹೊಟ್ಟೆಯ ಪವಿತ್ರ ಜಲ ಹಿತ್ತಲಿನ ಬಸಳೆಯ ಬುಡಕ್ಕೆ ಹೋಯಿತು. ನನ್ನನ್ನು ತೊಳೆದು ಬಿಸಿಲಿಗಿಟ್ಟರು. ಮಧ್ಯಾಹ್ನ ಊಟವಾದ ಮೇಲೆ ಸೆವ್ರಿನ್ ಬಾಯಿ, ಬೆಳಿಗ್ಗೆಯೇ ಭರಣಿಯಿಂದ ಒಂದು ಬಾಟಲಿಗೆ ತೆಗೆದಿಟ್ಟದ್ದನ್ನು, ಅಡಿಯಲ್ಲಿ ಕುಳಿತ ಗಸಿ ಕದಡದ ಹಾಗೆ ನನ್ನೊಳಗೆ ಬಗ್ಗಿಸತೊಡಗಿದಳು. ಬೊನಿಫಾಸ್ ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದ. ದಾರದಂತೆ ಸಣ್ಣಗೆ ವೈನ್ ಇಳಿಯಿತು. ಗಸಿ ಬಾಟಲಿಯ ಕುತ್ತಿಗೆಗೆ ಬಂದದ್ದು ಕಂಡ ಕೂಡಲೇ ಅವಳು ಕೈ ನಿಲ್ಲಿಸಿದಳು. ನಾನು ಹುಟ್ಟಿದ್ದು ಇದಕ್ಕೆ. ಎಷ್ಟು ಸಂತೋಷವಾಯಿತೆಂದು ಹೇಳಲು ನನಗೆ ಭಾಷೆ ಸಾಲದು.

ಬೊನಿಫಾಸ್ ಹತ್ತು ನಿಮಿಷಕ್ಕೆ, "ಸಾಕಲ್ಲ?" ಎಂದ.

"ಗಡಿಯಾರ ನೋಡಬೇಡಿ."

ಅವನು ಎದ್ದ, ಕೂತ, ಅಂಗಳಕ್ಕೆ ಹೋಗಿ ತೆಂಗಿನಕಾಯಿ ಎಣಿಸಿ ಬಂದ. ನನ್ನೊಳಗೆ ವೈನ್ ನಿಧಾನವಾಗಿ ಸಡಿಲವಾಗುವುದು ನನಗೆ ತಿಳಿಯುತ್ತಿತ್ತು. ಮೊದಲಿನ ಸಿಡುಕು ಇಳಿಯುತ್ತಿತ್ತು. ಒಂದು ಗಂಟೆ ಮುಗಿದ ಮೇಲೆ ಅವಳು ಎರಡು ಗ್ಲಾಸಿಗೆ ಹಾಕಿದಳು. ಬೊನಿಫಾಸ್ ಕುಡಿದ. ಹುಬ್ಬು ಮೇಲೆ ಹೋಯಿತು. ಹೆಂಡತಿಯತ್ತ ತಿರುಗಿದ. ಅವಳು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಗ್ಲಾಸನ್ನು ಮೇಜಿನ ಮೇಲೆ ಇಟ್ಟಳು.

"ಒಳ್ಳೇದುಂಟು ಸೆವ್ರಿನ್," ಎಂದ ಅವನು ಮೆಲ್ಲಗೆ. "ಗಂಟಲು ಹಿಡಿಯುದಿಲ್ಲ. ನನ್ನಾಣೆ."

"ನೀವು ಹೇಳಿದ್ರೆ ಸರಿ. ತಮ್ಮನಿಗೆ ಫೋನ್ ಮಾಡಿ," ಎಂದಳು. ಧ್ವನಿಯಲ್ಲಿ ಜೀವವಿರಲಿಲ್ಲ. ಅವನು ಫೋನ್ ಹುಡುಕುತ್ತಿದ್ದ ಹಾಗೆ ಅವಳು ಅಭ್ಯಾಸಬಲದಿಂದ ಗ್ಲಾಸನ್ನು ಮತ್ತೆ ಎತ್ತಿದಳು. ಮೂಸಿದಳು. ಕೆಳಗಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದಳು. ಈ ಸಲ ಅವಳ ಹಣೆ ಗಂಟಿಕ್ಕಿತು.

"ಇದಕ್ಕೆ ಚಕ್ಕೆ ಹಾಕಿದ್ದು ಯಾರು?"

ಬೊನಿಫಾಸ್ ಫೋನ್ ಹುಡುಕುವುದನ್ನು ಬಿಟ್ಟ.

"ನಾನು ವೈನಿಗೆ ಚಕ್ಕೆ ಹಾಕುವವಳಲ್ಲ. ಯಾರು ಹಾಕಿದ್ದು?"

"ನೀನು ಜ್ವರದಲ್ಲಿ ಮಲಗಿದ್ದಿ," ಎಂದ ಅವನು. "ಕಲಕುವಾಗ ನನಗೆ ಸಪ್ಪೆ ಕಂಡಿತು. ನನ್ನ ಅಮ್ಮ ಹಾಕ್ತಿದ್ದರು. ಎರಡು ತುಂಡು ಹಾಕಿದೆ."

ಅವಳು ಇನ್ನೊಮ್ಮೆ ಮೂಸಿದಳು. "ಎರಡಲ್ಲ. ನಾಲ್ಕಾದರೂ ಇರಬೇಕು."

"ಐದು," ಎಂದ ಬೊನಿಫಾಸ್. ಅಷ್ಟು ಹೇಳಿ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟ. ಆಗಲೇ ಸೆವ್ರಿನ್ ಬಾಯಿಗೂ ತಾನು ಏನು ಹೇಳಿದೆ ಎಂಬುದು ತಿಳಿದದ್ದು. ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೂಗಿಗೆ ಒತ್ತಿಕೊಂಡಳು, ಎಷ್ಟೋ ಹೊತ್ತು ಕೆಳಗಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಾಯಿಯ ಅಂಚಿನಲ್ಲಿ ಒಂದು ಚೂರು ಹಾರಿದೆ. ಪವಿತ್ರ ಜಲಕ್ಕೆ ಬೇರೆ ಬಾಟಲಿ ಬಂದಿದೆ, ನಾನು ಊಟದ ಕೋಣೆಯ ಗಾಜಿನ ಕಪಾಟಿನಲ್ಲಿದ್ದೇನೆ. ವರ್ಷಕ್ಕೆ ಎರಡು ಮೂರು ಸಲ ಕೆಲಸ. ಉಳಿದ ದಿನ ಖಾಲಿ ಕೂತು ಯೋಚಿಸುತ್ತೇನೆ. ನಲವತ್ತು ವರ್ಷ ವ್ಯರ್ಥವಾಯಿತೆಂದು ಹಿಂದೆ ಕೊರಗುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಷ್ಟು ವರ್ಷ ಅಲ್ಲಿ ಕೂತಿದ್ದರಿಂದಲೇ ಆ ಮೂರು ಸಲದ ಮೊಂಬತ್ತಿಯನ್ನು ನಾನು ನೋಡಿದೆ, ಅವಳ ಕಷ್ಟ ಏನೆಂದು ಬಲ್ಲೆ. ಸೆವ್ರಿನ್ ಬಾಯಿಯ ಮೂಗು ಪೂರ್ತಿ ಬಂದಿಲ್ಲ. ಬೆಳ್ಳುಳ್ಳಿ ಇನ್ನೂ ದೂರ. ಅವಳಿಗೆ ಅವಸರವಿಲ್ಲ.

ಜೆಸಿಂತಾಳ ಮದುವೆಯ ದಿನ ನಾನು ವಧೂವರರ ಮೇಜಿನ ಮೇಲಿದ್ದೆ. ಉಳಿದ ವೈನನ್ನು ಬೆಳಿಗ್ಗೆಯೇ ಸ್ಟೀಲ್ ಪಾತ್ರೆಗಳಿಗೆ ಬಗ್ಗಿಸಿ, ತೆಳು ಬಟ್ಟೆ ಹೊದೆಸಿ ಇಟ್ಟಿದ್ದರು. ಮುನ್ನೂರು ಜನ ಗ್ಲಾಸ್ ಎತ್ತಿದರು, ಕುಡಿದರು, ಚೆನ್ನಾಗಿದೆ ಎಂದರು. ಬೊನಿಫಾಸನಿಗೆ ಅಷ್ಟು ಸಾಲಲಿಲ್ಲ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋಗಿ, ಗುರುತಿದ್ದವರಿಗೂ ಇಲ್ಲದವರಿಗೂ ಒಂದೇ ಮಾತು ಹೇಳುತ್ತಿದ್ದ.

"ಚಕ್ಕೆ ಸ್ವಲ್ಪ ಹೆಚ್ಚಾಗಿದೆ, ಗೊತ್ತಾಯ್ತಾ ನಿಮಗೆ? ನನ್ನ ಹೆಂಡತಿಗೆ ಗೊತ್ತಾಯ್ತು."